ಮಂದ ದ್ರವದ ಇಂದುಧರರು

ಇಂದುಧರರ ಕೈಗೆ ಯಾವ ದ್ರವವನ್ನು ಕೊಟ್ಟರೂ ಅವರು ಮೊದಲು ಅದನ್ನು ಓರೆ ಮಾಡಿ ನೋಡುತ್ತಿದ್ದರು. ಕುಡಿಯುವುದು, ಸುರಿಯುವುದು, ಹಚ್ಚಿಕೊಳ್ಳುವುದು ಎಲ್ಲ ಆಮೇಲಿನ ಮಾತು. ಜೇನಿನ ಶೀಸೆಯಾಗಲಿ, ಶಾಂಪೂವಿನ ಬಾಟಲಿಯಾಗಲಿ, ಮಗಳ ಕೆಮ್ಮಿನ ಔಷಧವಾಗಲಿ, ಕಣ್ಣಿನ ಮಟ್ಟಕ್ಕೆ ಎತ್ತಿ, ನಿಧಾನವಾಗಿ ಒಂದು ಬದಿಗೆ ವಾಲಿಸಿ, ಒಳಗಿನದು ಅಂಚಿನಿಂದ ಅಂಚಿಗೆ ಸರಿಯಲು ಎಷ್ಟು ಹೊತ್ತು ಹಿಡಿಯುತ್ತದೆಂದು ತುಟಿ ಅಲುಗಿಸುತ್ತ ಎಣಿಸುತ್ತಿದ್ದರು. ಒಂದು ಯುಗಾದಿಯ ದಿನ ನಮ್ಮ ಮನೆಯಲ್ಲಿ ಶಾವಿಗೆ ಪಾಯಸದ ಬಟ್ಟಲನ್ನು ಅವರು ಹಾಗೆ ಓರೆ ಮಾಡಿ ಹಿಡಿದಾಗ, ಕೂದಲೇನಾದರೂ ಬಿದ್ದಿದೆಯೋ ಎಂದು ನನ್ನ ಜೀವ ಬಾಯಿಗೆ ಬಂದಿತ್ತು. ಅವರು ಬಟ್ಟಲನ್ನು ನೆಟ್ಟಗೆ ಮಾಡಿ, ತೃಪ್ತಿಯಿಂದ ತಲೆದೂಗಿ, "ಐದು ಸೆಕೆಂಡು. ಚೆನ್ನಾಗಿ ಕುದಿಸಿದ್ದೀರ, ತುಳಸಿಯವರೇ" ಎಂದರು.

"ರುಚಿ ಹೇಗಿದೆ?" ಎಂದೆ.

"ಅದು ಬೇರೆ ಪ್ರಶ್ನೆ" ಎಂದು ಆಮೇಲೆ ಚಮಚ ಎತ್ತಿದರು.

'ಅದು ಬೇರೆ ಪ್ರಶ್ನೆ' ಎಂಬುದು ಅವರ ಮಾತಿನ ಊರುಗೋಲು. ಹೆಂಡತಿ ಪಂಕಜಾ ಊಟಕ್ಕೆ ಬರುತ್ತೀರಾ ಎಂದು ಫೋನಿನಲ್ಲಿ ಕೇಳಿದರೆ, "ಖಂಡಿತ ಬರ್ತೀನಿ. ಯಾವಾಗ ಅನ್ನೋದು ಬೇರೆ ಪ್ರಶ್ನೆ" ಎನ್ನುತ್ತಿದ್ದರು. ನಡಿಗೆಯೂ ಮಾತಿನ ಹಾಗೆಯೇ. ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತಲೆ ಮುಂದೆ ಚಾಚಿ ದಡದಡನೆ ನಡೆಯುವವರು, ಮಾತು ಸ್ವಾರಸ್ಯದ ಘಟ್ಟಕ್ಕೆ ಬಂದೊಡನೆ ಕೀಲು ಹಿಡಿದಂತೆ ನಿಂತುಬಿಡುವರು. ಜೊತೆಯಲ್ಲಿದ್ದವರು ನಾಲ್ಕು ಹೆಜ್ಜೆ ಮುಂದೆ ಹೋಗಿ, ಗಾಳಿಯೊಡನೆ ಮಾತಾಡಿಕೊಂಡು, ನಾಚಿ ಹಿಂದಿರುಗಬೇಕು. ಪಾರ್ಕಿಂಗ್ ಲಾಟಿನ ನಟ್ಟನಡುವೆ ಅವರು ಹೀಗೆ ನಿಂತಾಗ ಹಿಂದಿನ ಕಾರುಗಳು ಹಾರ್ನ್ ಹೊಡೆದರೆ, ವಿನಯದಿಂದ ಕೈಯೆತ್ತಿ ಮಾತು ಮುಗಿಸಿಯೇ ಕದಲುತ್ತಿದ್ದರು.

ನಾನು ಅವರನ್ನು ಮೊದಲು ಕಂಡದ್ದು 2009ರಲ್ಲಿ, ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೋ ಊರಿನ ಒಂದು ಕಚೇರಿಯಲ್ಲಿ. ವಿಮಾನಗಳ ಬಿಡಿಭಾಗಗಳಿಗೆ ಕೈಪಿಡಿ ಬರೆಯುವುದು ನನ್ನ ಕೆಲಸ. ಆ ಭಾಗಗಳೊಳಗೆ ಎಣ್ಣೆ ಹೇಗೆ ಹರಿಯಬೇಕೆಂದು ಲೆಕ್ಕ ಹಾಕುವುದು ಅವರದು. ಎರಡು ವರ್ಷದ ನಂತರ ಅವರು ಕಾರ್ಲ್ಸ್‌ಬಾಡಿನ ವೈದ್ಯಕೀಯ ಪಂಪುಗಳ ಕಂಪನಿಗೆ ಸೇರಿ, ಸ್ಯಾನ್ ಡಿಯೇಗೋದ ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯಲ್ಲಿ ಮನೆ ಮಾಡಿದರು. ಅಲ್ಲಿ ಕೂದಲೆಳೆಯಷ್ಟು ಸಣ್ಣ ನಳಿಕೆಗಳಲ್ಲಿ ಔಷಧ ತೆವಳುವ ವೇಗವನ್ನು ಅಳೆಯುವುದೇ ಉದ್ಯೋಗ. ದ್ರವದ ಮಂದತನಕ್ಕೆ ಕನ್ನಡದ ವಿಜ್ಞಾನ ಪುಸ್ತಕಗಳು ಸ್ನಿಗ್ಧತೆ ಎಂದು ಹೆಸರಿಟ್ಟಿವೆ; ಅದರ ಅಳತೆಯ ಮಾನ ಸೆಂಟಿಪಾಯ್ಸ್. ಅದರದೇ ಬೇರಿನ ಸ್ನೇಹವೆಂಬ ಶಬ್ದಕ್ಕೆ ಎಣ್ಣೆ, ಜಿಡ್ಡು, ಅಕ್ಕರೆ ಎಂಬ ಅರ್ಥಗಳೆಲ್ಲ ಒಂದೇ ಮನೆಯ ಮಕ್ಕಳಂತೆ ಕೂಡಿ ಬಾಳುತ್ತವೆಂದು ನಾನು ಒಮ್ಮೆ ಹೇಳಿದಾಗ ಅವರು ದಾರಿಯಲ್ಲಿ ನಿಂತೇಬಿಟ್ಟರು. "ಅಂದ್ರೆ ನಾನು ಮೂವತ್ತು ವರ್ಷದಿಂದ ಸ್ನೇಹಾನ ಸೆಂಟಿಪಾಯ್ಸ್‌ನಲ್ಲಿ ಅಳೀತಿದ್ದೀನಾ!" ಎಂದು ಮಗುವಿನ ಹಾಗೆ ನಕ್ಕರು.

ಇಷ್ಟು ಸೂಕ್ಷ್ಮಜ್ಞರಾದ ಈ ಮನುಷ್ಯ ಕಾಲೇಜಿನ ದಿನಗಳಿಂದ ದಿನಕ್ಕೆ ಹದಿನೈದು ಸಿಗರೇಟು ಸೇದುತ್ತಿದ್ದರು. ಬಿಡಬೇಕೆಂದು ನಿಕೋಟಿನ್ ಗಮ್ಮು ಜಗಿದರು, ನಿಕೋಟಿನ್ ಪಟ್ಟಿಯನ್ನು ತೋಳಿಗೆ ಅಂಟಿಸಿಕೊಂಡರು, ಏಲಕ್ಕಿ ಮುಗಿಸಿದರು. ಕೊನೆಗೆ ಅವರನ್ನು ಅಲುಗಿಸಿದ್ದು ಮಗಳು ಸಂಹಿತಾ. ಎಂಟು ವರ್ಷದ ಆ ಹುಡುಗಿ ಶಾಲೆಯಲ್ಲಿ ಮನೆಯವರ ಚಿತ್ರ ಬರೆದು, ಅಪ್ಪನ ತಲೆಯ ಮೇಲೊಂದು ಬೂದು ಮೋಡ ಹಾಕಿದ್ದಳಂತೆ. ನಿಮ್ಮಪ್ಪ ಬಹಳ ಯೋಚನೆ ಮಾಡುತ್ತಾರೇನು ಎಂದು ಟೀಚರು ಮೆಚ್ಚುಗೆಯಿಂದ ಕೇಳಿದ್ದಕ್ಕೆ, "ನೋ, ಹೀ ಸ್ಮೋಕ್ಸ್" ಎಂದಳಂತೆ. ಆ ಚಿತ್ರವನ್ನು ಇಂದುಧರರು ಕಾರಿನಲ್ಲಿ ಕೂತು ಬಹಳ ಹೊತ್ತು ನೋಡಿದರಂತೆ. ಆ ವಾರವೇ ವೇಪ್ ಕೊಂಡರು. ಅದು 2012.

ವೇಪ್ ಎಂದರೇನೆಂದು ಅರಿಯದವರಿಗೆ ಎರಡು ಮಾತು. ಒಂದು ಬ್ಯಾಟರಿ, ಅದರ ಮೇಲೆ ಒಂದು ಪುಟ್ಟ ಟ್ಯಾಂಕು, ಟ್ಯಾಂಕಿನೊಳಗೆ ತಂತಿಯ ಸುರುಳಿ, ಸುರುಳಿಯ ಹೊಟ್ಟೆಯಲ್ಲಿ ಬತ್ತಿ. ಬತ್ತಿ ದ್ರವವನ್ನು ಹೀರುತ್ತದೆ, ತಂತಿ ಕಾಯುತ್ತದೆ, ದ್ರವ ಆವಿಯಾಗುತ್ತದೆ, ಮನುಷ್ಯ ಅದನ್ನು ಸೇದುತ್ತಾನೆ. ದ್ರವದಲ್ಲಿ ನಿಕೋಟಿನ್ ಇರುತ್ತದೆ. ಅದನ್ನು ಹಂತಹಂತವಾಗಿ ಇಳಿಸುತ್ತ ಹೋಗಬಹುದೆಂಬುದು ಬಿಡಬಯಸುವವರ ಆಸೆ. ಆ ದ್ರವದಲ್ಲಿ ಎರಡು ಜಾತಿ: ನೀರಿನ ಹಾಗೆ ತೆಳುವಾದದ್ದು ಒಂದು, ಗ್ಲಿಸರಿನ್ ಹೆಚ್ಚಿ ಪಾಕದ ಹಾಗೆ ಮಂದವಾದದ್ದು ಇನ್ನೊಂದು. ತೆಳುವಾದದ್ದು ಯಾವ ಬತ್ತಿಗಾದರೂ ಏರುತ್ತದೆ, ಆದರೆ ಕೆಲವರ ಗಂಟಲನ್ನು ಕೆರೆಯುತ್ತದೆ. ಮಂದವಾದದ್ದು ಗಂಟಲಿಗೆ ಮೃದು, ಆದರೆ ಸಣ್ಣ ತೂತಿನಲ್ಲಿ ಇಳಿಯದು, ಬತ್ತಿಗೆ ಹೊತ್ತಿಗೆ ಸರಿಯಾಗಿ ತಲುಪದು. ಒಣಗಿದ ಬತ್ತಿ ಸುಟ್ಟು, ಸೇದಿದವರ ಬಾಯಲ್ಲಿ ಬೆಂದ ಗೋಣಿಚೀಲದ ರುಚಿ ತುಂಬುತ್ತದೆ. ಮಂದ ದ್ರವಕ್ಕೆ ಒಗ್ಗುವ ಸಲಕರಣೆ ಆರಿಸುವುದೆಂದರೆ, ಆ ದಿನಗಳಲ್ಲಿ, ಒಂದು ತಪಸ್ಸು.

ಇಂದುಧರರ ಗಂಟಲು ತೆಳು ದ್ರವವನ್ನು ಒಪ್ಪಲಿಲ್ಲ. ಬೇರೆಯವರಾಗಿದ್ದರೆ ವೇಪನ್ನು ಕಸಕ್ಕೆಸೆದು ಸಿಗರೇಟಿಗೆ ಮರಳುತ್ತಿದ್ದರು. ಇವರು ಎಂಟು ತಿಂಗಳು ಅಭ್ಯಾಸಕ್ಕೆ ಕೂತರು. ಅವರದೊಂದು ಕಂದು ಬಣ್ಣದ ಕಾರ್ಡುರಾಯ್ ಕೋಟು. ಸ್ಯಾನ್ ಡಿಯೇಗೋದ ಬಿಸಿಲಿನಲ್ಲೂ ಅದನ್ನು ಕಳಚಿದವರಲ್ಲ. ಆ ಕೋಟಿನ ಒಳಗಡೆ ನಾಲ್ಕು ಕಿಸೆ: ಒಂದರಲ್ಲಿ ದ್ರವದ ಶೀಸೆ, ಒಂದರಲ್ಲಿ ಸ್ಕ್ರೂಡ್ರೈವರು, ಒಂದರಲ್ಲಿ ಟಿಶ್ಯೂ, ನಾಲ್ಕನೆಯದರಲ್ಲಿ ಸೋರಿದ್ದರ ಕಲೆ. ಯಾರಾದರೂ ಸಲಹೆ ಕೇಳಿದರೆ ಬೆರಳು ಮಡಿಸುತ್ತ ನಾಲ್ಕೇ ಮಾತು ಕೇಳುತ್ತಿದ್ದರು: "ದ್ರವ ಎಷ್ಟು ಮಂದ? ಬತ್ತಿಗೆ ಹೋಗೋ ತೂತು ಎಷ್ಟು ದೊಡ್ಡದು? ಬತ್ತಿ ಹತ್ತಿಯದಾ? ಬ್ಯಾಟರಿಗೆ ಅಷ್ಟು ಶಕ್ತಿ ಇದೆಯಾ?" ಇದು ಒಳ್ಳೆಯದೋ ಎಂದು ಯಾರಾದರೂ ಕೇಳಿದರೆ ಮಾತ್ರ ಅವರ ದನಿ ಇಳಿಯುತ್ತಿತ್ತು. "ಒಳ್ಳೇದು ಅಂತ ನಾನು ಹೇಳಲ್ಲ. ಸಿಗರೇಟಿಗಿಂತ ಕಡಿಮೆ ಕೆಟ್ಟದ್ದು ಅಂತ ಕಾಣತ್ತೆ, ಅದೂ ಈಗ ಗೊತ್ತಿರೋ ಮಟ್ಟಿಗೆ. ಸೇದದೇ ಇರೋರು ಇದರ ಹತ್ತಿರ ಬರಬಾರದು."

ಅವರ ಈ ವಿದ್ಯೆ ಪರೀಕ್ಷೆಗೆ ಬಿದ್ದದ್ದು 2013ರ ರಾಜ್ಯೋತ್ಸವದ ದಿನ. ಸೆರಿಟೋಸಿನ ಬಳಿ ನಮ್ಮ ಕನ್ನಡ ಸಂಘ ಬಾಡಿಗೆಗೆ ಹಿಡಿದಿದ್ದ ಸಭಾಂಗಣದಲ್ಲಿ ಮಕ್ಕಳ ನಾಟಕ ಮುಗಿದು, ಊಟದ ಎಲೆಗಳನ್ನು ತುಂಬಿದ ಚೀಲ ಹಿಡಿದು ನಾನು ಹಿಂಬಾಗಿಲಿಗೆ ಹೋದೆ. ಕಸದ ತೊಟ್ಟಿಯ ಮರೆಯಲ್ಲಿ, ಇಳಕಲ್ ಸೀರೆಯುಟ್ಟು, ನಮ್ಮ ಊರ್ಮಿಳಾ ಸಿಗರೇಟು ಸೇದುತ್ತ ನಿಂತಿದ್ದರು.

ಊರ್ಮಿಳಾ ಎಂದರೆ ನಮ್ಮ ಸಂಘದ ಎಲ್ಲ ನಾಟಕಗಳಿಗೂ ಕಿರೀಟ ಕವಚ ಹೊಲಿದುಕೊಡುವವರು; ಹುಬ್ಬಳ್ಳಿಯ ಕಡೆಯವರು; ನಾರ್ತ್ ಹಾಲಿವುಡ್ಡಿನಲ್ಲಿ ಸಿನಿಮಾದವರಿಗೆ ಉಡುಪು ಬಾಡಿಗೆ ಕೊಡುವ ಅಂಗಡಿಯೊಂದರಲ್ಲಿ ದರ್ಜಿ. ಐವತ್ತಾರು ವರ್ಷ, ಒಂಟಿ ಜೀವ, ಖಡಕ್ ಮಾತು. ಅವರ ಕೈಯಲ್ಲಿ ಸಿಗರೇಟನ್ನು ಕಂಡು ನಾನು ಕಸದ ಚೀಲ ಹಿಡಿದೇ ನಿಂತೆ. ಅವರು ಕೈಯನ್ನು ಸೆರಗಿನೊಳಗೆ ಅಡಗಿಸಿದರು. ಇಳಕಲ್ ಸೆರಗು ಸುಟ್ಟೀತೆಂದು ಮತ್ತೆ ಹೊರತೆಗೆದರು. ಅದೇ ಹೊತ್ತಿಗೆ ತಮ್ಮ ವೇಪ್ ಹಿಡಿದು ಅಲ್ಲಿಗೇ ಬಂದ ಇಂದುಧರರು ಮೂಗನ್ನು ಅರಳಿಸಿ, ಹೂವಿನ ವಾಸನೆ ಹಿಡಿದವರಂತೆ ಕೇಳಿದರು: "ಮೆಂಥಾಲಾ?"

ಊರ್ಮಿಳಾರಿಗೆ ನಗೆ ತಡೆಯಲಿಲ್ಲ. ನಕ್ಕು ಕೆಮ್ಮಿದರು, ಕೆಮ್ಮಿ ಅತ್ತರು. "ಯಾರಿಗೂ ಹೇಳಬ್ಯಾಡ್ರಿ ತುಳಸಿ" ಎಂದು ನನ್ನ ಕೈ ಹಿಡಿದುಕೊಂಡರು. "ಇಪ್ಪತ್ತೆರಡ ವರ್ಷಾತು. ಈ ದೇಶಕ್ಕ ಬಂದ ಹೊಸದಾಗಿ ಡೌನ್‌ಟೌನಿನಾಗ ಒಂದ ಹೊಲಿಗಿ ಶೆಡ್ಡಿನಾಗ ಇದ್ದೆ. ಸಿಗರೇಟ್ ಸೇದವ್ರಿಗಷ್ಟ ಹತ್ತ ನಿಮಿಷ ಹೊರಗ ಬಿಡ್ತಿದ್ರು. ನಾನೂ ಗಾಳಿಗೆ ಹೋಗಬೇಕಂತ ಒಂದ ಹಚ್ಚಿದೆ ನೋಡ್ರಿ. ಗಾಳಿ ಹೋತು, ಸಿಗರೇಟ್ ಉಳೀತು."

ಈಗ ಆ ಸಿಗರೇಟು ಅವರ ಅನ್ನಕ್ಕೇ ಕುತ್ತಾಗಿ ಬಂದಿತ್ತು. ಅವರು ಹೊಲಿದ ಉಡುಪುಗಳಲ್ಲಿ ಹೊಗೆಯ ವಾಸನೆ ಇದೆಯೆಂದು ಎರಡು ಬಾರಿ ವಾಪಸು ಬಂದಿದ್ದವು. ಮೇಜಿನ ಬಳಿ ಅವರು ಎಂದೂ ಸೇದಿದವರಲ್ಲ. ಆದರೆ ಬೆರಳಿನ ವಾಸನೆ ಬಟ್ಟೆಗೆ ಹತ್ತುತ್ತದೆ, ಮಖಮಲ್ಲಾದರೆ ಬಿಡುವುದೇ ಇಲ್ಲ. ಮಾರ್ಚಿಗೆ ಮೂವತ್ತು ಮಖಮಲ್ಲಿನ ಕೋಟುಗಳನ್ನು ಹೊಲಿದು ಕೊಡಬೇಕು. ಇನ್ನೊಂದು ದೂರು ಬಂದರೆ ಕೆಲಸ ಬಿಡಿಸುವುದಾಗಿ ಅಂಗಡಿಯ ಮಾಲೀಕ ಕಾಗದ ಕೊಟ್ಟಿದ್ದನು. ಗಮ್ಮು ಅವರ ಹಲ್ಲಿಗೆ ಆಗದು, ಪಟ್ಟಿ ಚರ್ಮಕ್ಕೆ ಆಗದು. ವೇಪನ್ನೂ ಯಾರೋ ಕೊಡಿಸಿದ್ದರಂತೆ. "ಗಂಟಲಾಗ ಜಾಲಿಮುಳ್ಳ ಇಟ್ಟಂಗ ಆತ್ರಿ" ಎಂದರು.

ಇಂದುಧರರ ಕಣ್ಣು ಹೊಳೆಯಿತು. ಇನ್ನೊಬ್ಬರ ಸಂಕಟದಲ್ಲಿ ತಮ್ಮ ವಿದ್ಯೆಗೆ ಸರಿಹೊಂದುವ ಲೆಕ್ಕವೊಂದು ಕಂಡಾಗ ಅವರ ಮುಖದಲ್ಲಿ ಮೂಡುತ್ತಿದ್ದ ಪ್ರಸನ್ನತೆಯನ್ನು ತಿಳಿಯದವರು ಅಪಾರ್ಥ ಮಾಡಿಕೊಂಡಾರು. "ನಿಮಗೆ ಕೊಟ್ಟಿದ್ದು ತೆಳು ದ್ರವ. ನಿಮ್ಮ ಗಂಟಲು ನನ್ನ ಗಂಟಲಿನ ಜಾತಿ" ಎಂದರು. "ನಿಮಗೆ ಮಂದದ್ದೇ ಆಗಬೇಕು. ಹೊಸ ವರ್ಷ ಬರಲಿ, ಶನಿವಾರ ಶನಿವಾರ ಬರ್ತೀನಿ."

ಹೀಗೆ ಆ ಜನವರಿಯಿಂದ ಐದು ಶನಿವಾರ, ಫೋರ್ ಎಸ್ ರ್ಯಾಂಚಿನಿಂದ ನಾರ್ತ್ ಹಾಲಿವುಡ್ಡಿಗೆ ನೂರಿಪ್ಪತ್ತು ಮೈಲಿಗೂ ಮಿಗಿಲಾದ ದಾರಿಯನ್ನು ಇಂದುಧರರು ಡ್ರೈವ್ ಮಾಡಿ ಬಂದರು. ಗುಟ್ಟು ತಿಳಿದವಳು ನಾನೊಬ್ಬಳೇ ಆದ್ದರಿಂದ ನಾನೂ ಹೋಗುತ್ತಿದ್ದೆ. ಪಂಕಜಾ ಮೂರು ಜನಕ್ಕಾಗುವಷ್ಟು ಚಿತ್ರಾನ್ನ ಕಟ್ಟಿಕೊಡುತ್ತಿದ್ದರು, ಯಾರಿಗೆಂದು ಕೇಳುತ್ತಿರಲಿಲ್ಲ. ಅಂಗಡಿಯ ಹಿತ್ತಿಲಲ್ಲಿ, ತಲೆಯಿಲ್ಲದ ಗೊಂಬೆಗಳ ಸಾಲಿನ ಪಕ್ಕದ ಮೆಟ್ಟಿಲ ಮೇಲೆ ನಮ್ಮ ಪ್ರಯೋಗಶಾಲೆ.

ಮೊದಲ ಶನಿವಾರ ಪೆನ್ನಿನ ಆಕಾರದ ಸಲಕರಣೆ ತಂದರು, ಹಗುರವಾಗಿರುತ್ತದೆಂದು. ಅದರ ಬತ್ತಿ ಉದ್ದ, ತೂತು ಸಾಸಿವೆಕಾಳಿನಷ್ಟು. ಮಂದ ದ್ರವ ಅರ್ಧ ದಾರಿಯಲ್ಲೇ ನಿಂತು, ಮೂರನೆಯ ಉಸಿರಿಗೆ ಬತ್ತಿ ಸುಟ್ಟಿತು. "ಸುಟ್ಟ ಅರಿವಿ ವಾಸನಿ" ಎಂದು ಊರ್ಮಿಳಾ ಉಗುಳಿದರು. ಎರಡನೆಯ ವಾರ, ದ್ರವಕ್ಕೆ ನಾಲ್ಕು ಹನಿ ಶುದ್ಧ ನೀರು ಬೆರೆಸಿ ತೆಳುಮಾಡಿ ತಂದರು; ಅದು ಚಟಪಟ ಸಿಡಿದು ನಾಲಗೆಗೆ ಹಾರಿತು. ಮೂರನೆಯ ವಾರದ್ದು ಆಗಷ್ಟೇ ಮಾರುಕಟ್ಟೆಗೆ ಬಂದ ದೊಡ್ಡ ತೂತಿನ ಟ್ಯಾಂಕು, ಇಟ್ಟಿಗೆಯಂಥ ಬ್ಯಾಟರಿ. ದ್ರವವೇನೋ ಸರಾಗವಾಗಿ ಇಳಿಯಿತು. ಆದರೆ ಒಂದೇ ಉಸಿರಿಗೆ ಹೊರಬಂದ ಮೋಡ ಕಿಟಕಿಯೊಳಗೆ ನುಗ್ಗಿ, ಹೊಗೆಯ ಅಲಾರಮ್ಮು ಕಿರುಚಿ, ಮಾಲೀಕ ಓಡಿಬಂದನು. ಇಂದುಧರರು ಕೋಟು ಸರಿಪಡಿಸಿಕೊಂಡು, ತಾವು ಹಬೆಯ ಇಸ್ತ್ರಿಪೆಟ್ಟಿಗೆ ತೋರಿಸಲು ಬಂದವರೆಂದು ಗಂಭೀರವಾಗಿ ಹೇಳಿದರು. ಅವನಿಗೆ ಆಸಕ್ತಿ ಹುಟ್ಟಿ ಬೆಲೆ ಕೇಳಿದಾಗ ಮಾತ್ರ ಕಂಗಾಲಾದರು.

"ಇಟ್ಟಂಗಿ ಹಿಡದು ಸೇದು ಅಂತೀರಲ್ರಿ, ನನ್ನ ಮಣಿಕಟ್ಟು ಏನಾಗಬೇಕು?" ಎಂದರು ಊರ್ಮಿಳಾ, ಅವನು ಹೋದ ಮೇಲೆ. "ನನಗ ಆ ಮೋಡ ಬ್ಯಾಡ್ರಿ. ಸಿಗರೇಟಿನಂಗ ಸಣ್ಣಗ ಎಳಕೋಬೇಕು."

ಅದೇ ಕಷ್ಟ. ಮಂದ ದ್ರವಕ್ಕೆ ಒಗ್ಗುವ ಉಪಕರಣಗಳೆಲ್ಲ ಮೋಡ ಕಾರುವ ದೈತ್ಯಗಳು. ಸಣ್ಣಗೆ ಎಳೆಯುವಂಥವುಗಳಿಗೆ ಮಂದ ದ್ರವ ಇಳಿಯದು. ನಾಲ್ಕನೆಯ ವಾರ ಇಂದುಧರರು ಬಿಚ್ಚಿ ಕಟ್ಟಬಹುದಾದ ಒಂದು ಗಿಡ್ಡ ಟ್ಯಾಂಕನ್ನು ತಂದರು. ಅದಕ್ಕೆ ಒಂದೇ ಸುರುಳಿ. ಗಾಳಿಯ ಕಿಂಡಿಯನ್ನು ಉಂಗುರ ತಿರುಗಿಸಿ ಕಿರಿದು ಮಾಡಬಹುದು. ದ್ರವ ಇಳಿಯುವ ಕಾಲುವೆಗಳನ್ನು ತಮ್ಮ ಕಂಪನಿಯ ಗೆಳೆಯನಿಂದ ಅರ್ಧ ಮಿಲಿಮೀಟರು ಅಗಲ ಮಾಡಿಸಿದ್ದರು. ತಂತಿ ತಾವೇ ಸುತ್ತಿ, ಹತ್ತಿಯನ್ನೂ ತಾವೇ ತುಂಬಿದ್ದರು. ಎರಡು ದಿನ ನಡೆಯಿತು, ಮೂರನೆಯ ದಿನ ಊರ್ಮಿಳಾ ನನಗೆ ಫೋನ್ ಮಾಡಿ, "ಮತ್ತ ಸುಡಾಕತ್ತೈತಿ. ನಿನ್ನೆ ಎರಡ ಸಿಗರೇಟ್ ಸೇದಿದೆ ತುಳಸಿ. ಅವರಿಗೆ ಹೇಳಬ್ಯಾಡ, ಪಾಪ" ಎಂದರು.

ಐದನೆಯ ಶನಿವಾರ ಬಂತು. ಒಳಗೆ ಮೂವತ್ತು ಕೋಟುಗಳ ಕಡುಗೆಂಪು ಮಖಮಲ್ಲು ಕತ್ತರಿಸಿ ಇಟ್ಟಿತ್ತು. ಊರ್ಮಿಳಾ ಅದನ್ನು ಮುಟ್ಟಲು ಅಂಜಿ, ಕೈಗವಸು ಹಾಕಿಕೊಂಡು ಹೊಲಿಯುತ್ತಿದ್ದರು. ಕೈಗವಸಿನಲ್ಲಿ ಹೊಲಿಗೆ ಸೊಟ್ಟ ಬರುತ್ತಿತ್ತು. ಇಂದುಧರರು ಹೊಸದಾಗಿ ತಂತಿ ಸುತ್ತಿ, ಹೊಸ ಹತ್ತಿ ತುಂಬಿ ಅವರ ಕೈಗೆ ಕೊಟ್ಟರು. ಒಂದು ಉಸಿರು, ಎರಡು ಉಸಿರು, ಐದು ಉಸಿರು. ಆರನೆಯದಕ್ಕೆ ಊರ್ಮಿಳಾರ ಮುಖ ಕಿವುಚಿತು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂದು, ವೇಪನ್ನು ಮೆಟ್ಟಿಲ ಮೇಲೆ ಕುಕ್ಕಿದರು.

"ಸಾಕ್ರಿ ನಿಮ್ಮ ಮಷೀನು! ನನಗ ಇದು ಒಗ್ಗೂದಲ್ಲ. ಹೋದರ ಹೋಗಲಿ ಕೆಲಸ" ಎಂದು ಕೈಚೀಲ ತೆರೆದು ಸಿಗರೇಟು ಹೊರತೆಗೆದರು.

ಇಂದುಧರರ ಬಾಯಲ್ಲಿ 'ಅದು ಬೇರೆ ಪ್ರಶ್ನೆ' ಬಾರದೇ ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮೆಟ್ಟಿಲ ಮೇಲೆ ಕರವಸ್ತ್ರ ಹಾಸಿ, ಟ್ಯಾಂಕು ಬಿಚ್ಚಿ, ಗಾಜು, ಉಂಗುರ, ತಿರುಪುಗಳನ್ನು ಒಂದೊಂದಾಗಿ ಜೋಡಿಸಿದರು. ಸುರುಳಿಯೊಳಗಿನ ಹತ್ತಿಯನ್ನು ಎಳೆದರು. ಅದು ಸುಲಭಕ್ಕೆ ಬರಲಿಲ್ಲ. ನಡುವೆ ಕಪ್ಪಾಗಿ, ತುದಿಗಳಲ್ಲಿ ಬೆಳ್ಳಗೆ ಒಣಗಿತ್ತು. ಅವರ ಕುತ್ತಿಗೆ ತಗ್ಗಿದ್ದ ರೀತಿಯನ್ನು ನೋಡಿ ನನಗೆ, ಇಷ್ಟು ದೂರ ಬರಬೇಡಿರೆಂದು ಮೊದಲೇ ಹೇಳಬೇಕಿತ್ತೆನಿಸಿತು.

ಊರ್ಮಿಳಾ ಸಿಗರೇಟನ್ನು ತುಟಿಗಿಟ್ಟು, ಲೈಟರು ಹುಡುಕುತ್ತಿದ್ದವರು, ಓರೆಗಣ್ಣಿನಿಂದ ಕರವಸ್ತ್ರದ ಕಡೆ ನೋಡಿದರು. ಮತ್ತೊಮ್ಮೆ ನೋಡಿದರು. ಸಿಗರೇಟನ್ನು ತುಟಿಯಿಂದ ತೆಗೆದರು.

"ಇದೇನ್ರಿ ಇದು, ಹತ್ತಿ ಹಿಂಗ ತುರುಕೀರಿ? ದಿಂಬು ತುಂಬಿದಂಗ?"

"ಹೆಚ್ಚು ಹತ್ತಿ ಇದ್ರೆ ಹೆಚ್ಚು ದ್ರವ ಹೀರತ್ತೆ ಅಂತ..." ಎಂದರು ಇಂದುಧರರು, ಮೆಲ್ಲಗೆ.

"ಯಾರ ಹೇಳಿದ್ರು? ಬಿಗಿ ನೇದ ಅರಿವಿ ಬಣ್ಣ ಕುಡಿಯೂದಿಲ್ರಿ. ಸಡಿಲ ಇದ್ದದ್ದು ಕುಡೀತೈತಿ. ನಿಮ್ಮ ರಸ ಮೊದಲ ದಪ್ಪ, ಮ್ಯಾಲ ನೀವು ದಾರಿನೂ ಕಟ್ಟೀರಿ. ಅದು ಹೆಂಗ ಬರಬೇಕು? ತರ್ರಿ ಇಲ್ಲೆ."

ಮೆಟ್ಟಿಲ ಮೇಲೆ ಕೂತು, ಹೊಸ ಹತ್ತಿಯ ಒಂದು ಎಳೆ ತೆಗೆದುಕೊಂಡು, ಸೂಜಿಯ ಮೊನೆಯಿಂದ ಅದನ್ನು ಬಾಚಿದರು. ಮಗುವಿನ ಜಡೆ ಬಿಡಿಸುವ ನಯದಲ್ಲಿ, ಗಂಟಿಲ್ಲದಂತೆ. ಅರ್ಧದಷ್ಟನ್ನು ಹಾರಿಬಿಟ್ಟರು. ಉಳಿದದ್ದನ್ನು ಸುರುಳಿಯೊಳಗೆ ನುಸುಳಿಸಿ, ತುದಿಗಳನ್ನು ಇನ್ನೂ ತೆಳುಮಾಡಿ, ಕಾಲುವೆಯ ಬಾಯಿಗೆ ಒತ್ತದೆ, ಸೆರಗು ಹಾಸಿದ ಹಾಗೆ ಹಾಸಿದರು. ಇಂದುಧರರು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದರು. ಟ್ಯಾಂಕು ತುಂಬಿಸಿದಾಗ ಮಂದ ದ್ರವ ಹತ್ತಿಯನ್ನು ಮುಟ್ಟಿತು, ನಿಂತಿತು, ಆಮೇಲೆ ಮೆಲ್ಲಗೆ ಅದರೊಳಗೆ ಏರತೊಡಗಿತು. ಗಾಜಿನೊಳಗಿಂದ ಒಂದು ದಪ್ಪ ಗುಳ್ಳೆ ಮೇಲೆದ್ದು ಒಡೆಯಿತು.

"ಗುಳ್ಳೆ!" ಎಂದು ಕೂಗಿದರು ಇಂದುಧರರು. ದ್ರವ ಇಳಿದು ಅದರ ಜಾಗಕ್ಕೆ ಗಾಳಿ ಬಂದ ಗುರುತು ಅದು ಎಂದು ನನಗೆ ಆಮೇಲೆ ಗೊತ್ತಾಯಿತು.

ಊರ್ಮಿಳಾ ಎಳೆದರು. ಆರು, ಹತ್ತು, ಇಪ್ಪತ್ತು ಉಸಿರು. ಕೆಮ್ಮಿಲ್ಲ, ಸುಟ್ಟ ವಾಸನೆಯಿಲ್ಲ. "ಹಾಂ" ಎಂದರು. "ಈಗ ಬಂತು ನೋಡ್ರಿ." ಎಡಗೈಯಲ್ಲಿದ್ದ, ಹಚ್ಚದ ಸಿಗರೇಟನ್ನು ಅವರು ಮರೆತೇಬಿಟ್ಟಿದ್ದರು, ಅದು ಬೆರಳ ಸಂದಿಯಲ್ಲಿ ಬಾಗಿ ಮುರಿದಿತ್ತು.

ಬೇರೆ ಯಾವ ಎಂಜಿನಿಯರಾದರೂ ಅಷ್ಟಕ್ಕೆ ಸಂತೋಷಪಟ್ಟು ಚಿತ್ರಾನ್ನ ಬಿಚ್ಚುತ್ತಿದ್ದನು. ಇಂದುಧರರು ಮುಂದಿನ ಶನಿವಾರವೂ ಬಂದರು, ಮಿಲಿಗ್ರಾಮು ತೂಗುವ ತಕ್ಕಡಿಯೊಡನೆ. "ಎಷ್ಟು ಸಡಿಲ ಇರಬೇಕು?" ಎಂದು ಕೇಳಿದರು. "ಕೈಗೆ ಗೊತ್ತಾಗತೈತ್ರಿ" ಎಂದರು ಊರ್ಮಿಳಾ. ಇಂದುಧರರು ಬಿಡಲಿಲ್ಲ. ಹತ್ತು ಬತ್ತಿ ಮಾಡಿಸಿ, ಒಂದೊಂದನ್ನೂ ತೂಗಿದರು. ಹತ್ತೂ ಬತ್ತಿಗಳ ನಡುವೆ ಎರಡು ಮಿಲಿಗ್ರಾಮಿಗಿಂತ ಹೆಚ್ಚು ವ್ಯತ್ಯಾಸವಿರಲಿಲ್ಲ. ತಕ್ಕಡಿಯ ಮುಂದೆ ಅವರು ಮಂಡಿಯೂರಿ ಕುಳಿತದ್ದನ್ನು ನಾನು ಮರೆಯಲಾರೆ. ಆಮೇಲೆ ಒಂದು ವರ್ಷ, ಸಿಕ್ಕಸಿಕ್ಕವರಿಗೆಲ್ಲ, "ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ ನಿಜವಾದ ಫ್ಲೂಯಿಡ್ ಎಂಜಿನಿಯರ್ ಒಬ್ಬರೇ. ಅವರು ಟೈಲರು" ಎನ್ನುತ್ತಿದ್ದರು. ಯಾರೆಂದು ಕೇಳಿದರೆ, ಕೊಟ್ಟ ಮಾತಿನಂತೆ, "ಅದು ಬೇರೆ ಪ್ರಶ್ನೆ." ಪ್ರತಿಯಾಗಿ ಊರ್ಮಿಳಾ, ಇಂದುಧರರ ಕೋಟನ್ನು ಕಸಿದುಕೊಂಡು, ಕಲೆಯಾದ ನಾಲ್ಕನೆಯ ಕಿಸೆಯನ್ನು ಕತ್ತರಿಸಿ ತೆಗೆದು, ಒಳಗೆ ಮೇಣದ ಬಟ್ಟೆಯ ಹೊಸ ಕಿಸೆ ಹೊಲಿದುಕೊಟ್ಟರು.

ಮೂವತ್ತು ಕೋಟುಗಳು ಮಾರ್ಚಿನಲ್ಲಿ ಹೋದವು. ಮಾಲೀಕ ಪ್ರತಿಯೊಂದರ ಕಾಲರಿಗೂ ಮೂಗಿಟ್ಟು ನೋಡಿ, ಮೂವತ್ತನೆಯದರ ಬಳಿ ನಿಂತು, "ಏನೂ ಇಲ್ಲ" ಎಂದು ನಿರಾಶನಾದವನಂತೆ ಹೇಳಿದನಂತೆ. ಊರ್ಮಿಳಾ ಕೈಗವಸು ಬಿಸಾಡಿದರು. ಎರಡು ವರ್ಷದಲ್ಲಿ ಅಂಗಡಿಯ ಬಟ್ಟೆ ಕತ್ತರಿಸುವ ವಿಭಾಗಕ್ಕೆ ಅವರೇ ಮುಖ್ಯಸ್ಥೆ. ದ್ರವದಲ್ಲಿನ ನಿಕೋಟಿನ್ನನ್ನು ಇಂದುಧರರು ಹನ್ನೆರಡು ಮಿಲಿಗ್ರಾಮಿನಿಂದ ಆರಕ್ಕೆ, ಆರರಿಂದ ಮೂರಕ್ಕೆ, ಮೂರರಿಂದ ಸೊನ್ನೆಗೆ ಇಳಿಸುತ್ತ ಬಂದರು. ಮಧ್ಯೆ ಎರಡು ಬಾರಿ ಸಿಗರೇಟು ಮರಳಿತು, ಮತ್ತೆ ಹೋಯಿತು. 2017ರ ಬೇಸಿಗೆಯಲ್ಲಿ ಒಂದು ದಿನ ಊರ್ಮಿಳಾ ಫೋನ್ ಮಾಡಿ, "ವೇಪ್ ಎಲ್ಲಿಟ್ಟೀನಿ ಅಂತ ನಾಕ ದಿನದಿಂದ ಹುಡುಕಿಲ್ಲ ತುಳಸಿ. ಈಗ ನೆನಪಾತು" ಎಂದರು. ಅದು ಗುಂಡಿಗಳ ಡಬ್ಬಿಯಲ್ಲಿತ್ತಂತೆ. ಅಲ್ಲೇ ಇರಲಿ ಎಂದು ಮುಚ್ಚಳ ಹಾಕಿದರಂತೆ.

ಇಂದುಧರರಿಗೆ ಮಾತ್ರ ಅಷ್ಟು ಸುಲಭಕ್ಕೆ ಬಿಡಲಾಗಲಿಲ್ಲ. ನಿಕೋಟಿನ್ ಎಂದೋ ಸೊನ್ನೆಗೆ ಇಳಿದಿತ್ತು. ಸಲಕರಣೆಗಳ ಮೋಹ ಉಳಿದಿತ್ತು. ಗ್ಯಾರೇಜಿನ ಒಂದು ಗೋಡೆ ತುಂಬ ಟ್ಯಾಂಕುಗಳು. 2019ರಲ್ಲಿ, ವೇಪ್ ಮಾಡಿದವರು ಆಸ್ಪತ್ರೆ ಸೇರಿದ ಸುದ್ದಿಗಳು ಬರುತ್ತಿದ್ದ ದಿನಗಳಲ್ಲಿ, ಹದಿನೈದರ ಸಂಹಿತಾ ಒಂದು ಸಂಜೆ ಆ ಗೋಡೆಯ ಮುಂದೆ ನಿಂತು ಕೇಳಿದಳು: "ಅಪ್ಪಾ, ಹಾಫ್ ಮೈ ಕ್ಲಾಸ್ ಡಸ್ ದಿಸ್ ಇನ್ ದ ಬಾತ್‌ರೂಮ್. ದೇ ನೆವರ್ ಈವನ್ ಸ್ಮೋಕ್ಡ್. ಡಿಡ್ ಯು ನೋ?"

ಗೊತ್ತಿರಲಿಲ್ಲ. ಬಿಡಬಯಸುವವರ ಕೈಗೆಂದು ತಾವು ಹಂಬಲಿಸಿ ಹುಡುಕಿದ ವಸ್ತುವಿನ ತಂಗಿಯೊಂದು, ಹಣ್ಣಿನ ವಾಸನೆ ಪೂಸಿಕೊಂಡು, ಏನನ್ನೂ ಹಿಡಿಯದ ಮಕ್ಕಳ ಕೈಗೆ ಹೋಗಿದೆ ಎಂಬುದು ಅವರ ಲೆಕ್ಕಕ್ಕೆ ಬಂದಿರಲೇ ಇಲ್ಲ. ಮೂರು ದಿನ ಅವರು ಗ್ಯಾರೇಜಿನ ಬಾಗಿಲನ್ನೇ ತೆರೆಯಲಿಲ್ಲವೆಂದು ಪಂಕಜಾ ನನಗೆ ಹೇಳಿದರು. ನಾಲ್ಕನೆಯ ದಿನ ಶಾಲೆಯಲ್ಲಿ ಪೋಷಕರ ಸಭೆ. ಅಲ್ಲಿ ಬೇರೆಯವರ ಮಕ್ಕಳನ್ನು ದೂರುವ ಮಾತುಗಳೇ ನಡೆದಿದ್ದಾಗ, ಕಂದು ಕೋಟಿನ ಈ ಮನುಷ್ಯ ಎದ್ದು ನಿಂತು, ತಾವು ಏಳು ವರ್ಷ ವೇಪ್ ಮಾಡಿದವರೆಂದು ಹೇಳಿದರಂತೆ. ಯಾವ ದ್ರವದಲ್ಲಿ ಏನಿರುತ್ತದೆ, ಚಟ ಹೇಗೆ ಹತ್ತುತ್ತದೆ, ಬಿಡುವುದು ಎಷ್ಟು ಕಷ್ಟ ಎಂದೆಲ್ಲ ಅರ್ಧ ಗಂಟೆ ವಿವರಿಸಿ, ಕೊನೆಗೆ ಹೇಳಿದ ಮಾತನ್ನು ಪಂಕಜಾ ಕನ್ನಡದಲ್ಲಿ ನನಗೆ ಒಪ್ಪಿಸಿದರು: "ನನಗೆ ಬಿಡೋದಕ್ಕೆ ಒಂದು ಸಿಗರೇಟಿತ್ತು. ನಿಮ್ಮ ಮಕ್ಕಳಿಗೆ ಬಿಡೋದಕ್ಕೆ ಏನೂ ಇಲ್ಲ. ಹಾಗೇ ಇರಲಿ ಬಿಡಿ." ಹಿಂದಿನ ಸಾಲಿನಲ್ಲಿದ್ದ ಸಂಹಿತಾ ನಾಚಿ ಮುಖ ಮುಚ್ಚಿಕೊಂಡಿದ್ದಳಂತೆ, ಸಭೆ ಮುಗಿದ ಮೇಲೆ, ಎಲ್ಲರೂ ನೋಡುವ ಹಾಗೆ, ಅಪ್ಪನ ತೋಳು ಹಿಡಿದು ಕಾರಿನ ತನಕ ನಡೆದಳಂತೆ.

ಮರುವಾರ ಗ್ಯಾರೇಜಿನ ಗೋಡೆ ಬರಿದಾಯಿತು. ಬ್ಯಾಟರಿಗಳ ತುದಿಗೆಲ್ಲ ಟೇಪು ಸುತ್ತಿ, ಅಪಾಯದ ಕಸ ತೆಗೆದುಕೊಳ್ಳುವಲ್ಲಿಗೆ ತಾವೇ ಒಯ್ದು ಕೊಟ್ಟರು. ಆ ಡಿಸೆಂಬರಿನಲ್ಲಿ ನಾವು ಕಾರ್ಲ್ಸ್‌ಬಾಡಿನ ಸಮುದ್ರದ ದಂಡೆಯಲ್ಲಿ ಸೇರಿದಾಗ, ಊರ್ಮಿಳಾ ತಮ್ಮ ಮೊಣಕಾಲು ನೋವಿನ ಕಥೆ ಶುರು ಮಾಡಿದರು: ಹೊಲಿಗೆ ಯಂತ್ರದ ಪೆಡಲು ತುಳಿಯಲಾಗುತ್ತಿಲ್ಲ, ಡಾಕ್ಟರು ವಯಸ್ಸಾಯಿತೆನ್ನುತ್ತಾರೆ. ನಾನು ಅಯ್ಯೋ ಎಂದೆ, ಪಂಕಜಾ ಅವರ ಬೆನ್ನು ಸವರಿದರು. ಇಂದುಧರರು ಮರಳ ಮೇಲೆ ಕುಕ್ಕರುಗಾಲಲ್ಲಿ ಕೂತು, "ಪೆಡಲ್ ಎಷ್ಟು ಎತ್ತರ ಇದೆ? ಒತ್ತಿದಾಗ ನೋವಾ, ಎತ್ತಿದಾಗ ನೋವಾ?" ಎಂದು ಕೇಳಿ, ಬೆರಳಿನಿಂದ ಚಿತ್ರ ಬರೆಯತೊಡಗಿದರು. ಊರ್ಮಿಳಾ ನೋವು ಮರೆತು, ಚಿತ್ರ ತಪ್ಪೆಂದು ಅಳಿಸಿ, ತಾವೇ ಬರೆದು ತೋರಿಸಿದರು.

ಲೋಕದಲ್ಲಿ ನಮ್ಮ ದುಃಖವನ್ನು ಕೇಳುವ ಮಂದಿ ಇದ್ದಾರೆ. ಕೇಳಿ ಕಣ್ಣೊರೆಸುವವರೂ ಇದ್ದಾರೆ, ಅವರ ಪುಣ್ಯ ದೊಡ್ಡದು. ಆದರೆ ಇಂದುಧರರ ಕುಲ ಬೇರೆ. ಇವರಿಗೆ ಸಮಾಧಾನದ ಮಾತು ಬಾರದು, ಬಂದರೂ ತಪ್ಪು ಹೊತ್ತಿನಲ್ಲಿ ಬರುತ್ತದೆ. ನಮ್ಮ ಸಂಕಟವನ್ನು ಇವರು ಒಂದು ಕೆಟ್ಟ ಯಂತ್ರದ ಹಾಗೆ ನೋಡುತ್ತಾರೆಂದು ಮೊದಮೊದಲು ಸಿಟ್ಟೂ ಬರುತ್ತದೆ. ಅದು ಎಲ್ಲಿ ಕಟ್ಟಿಕೊಂಡಿದೆ, ಯಾವ ತೂತು ಸಣ್ಣದು, ಎಲ್ಲಿ ಬಿಗಿ ಹೆಚ್ಚಾಯಿತು ಎಂದು ಹುಡುಕುತ್ತ, ಐದಾರು ಸಲ ತಪ್ಪು ಮಾಡಿ, ನಮ್ಮಿಂದಲೇ ಬೈಸಿಕೊಂಡು, ನಮ್ಮಿಂದಲೇ ಕಲಿತು, ಮುಂದಿನ ಶನಿವಾರ ಮತ್ತೆ ಬಾಗಿಲಲ್ಲಿ ನಿಂತಿರುತ್ತಾರೆ. 'ಹೇಗಿದ್ದೀರಿ' ಎಂದು ಕೇಳಲು ಇವರಿಗೆ ನೆನಪಾಗುವುದಿಲ್ಲ. ಕನ್ನಡಕ ಏರಿಸಿಕೊಂಡು, "ಎಲ್ಲಿ, ಕೊಡಿ ನೋಡೋಣ" ಎನ್ನುತ್ತಾರೆ.